ಬೋರ್ಡು ಬರೆಯುವವನ ಲೆಕ್ಕ

ಮೊದಲ ಬೋರ್ಡು ಅಪ್ಪ ಬರೆದದ್ದು.
ಭದ್ರಾವತಿಯ ಹಳೇ ಸೇತುವೆ ದಾಟಿ, ಕಾರ್ಖಾನೆಯ ಬೆನ್ನಿಗೆ,
ಸಾಲುಮನೆಗಳ ನಡುವೆ ಒಂದು ತಗಡಿನ ಸೂರು;
ಅದರ ಹಣೆಗೆ, ಹಳದಿಯ ಮೇಲೆ ಕಪ್ಪು:
ತಮಿಳು ಕಾರ್ಮಿಕರ ಕ್ಷೇಮ ಸಂಘ.
ಕ್ಷೇಮ ಅಂದರೆ ಆಗ ಸಾವು.
ತಿಂಗಳಿಗೆ ಮನೆಗೆರಡು ರೂಪಾಯಿ,
ಯಾರು ಹೋದರೂ ಬಿದಿರು, ಹೂವು,
ಪರೈ ಬಡಿಯುವವರ ಕೂಲಿ
ಸಾಲ ಕೇಳದೆ ಹುಟ್ಟಬೇಕು.
ಅಷ್ಟೇ ಇತ್ತು ನಮ್ಮ ರಾಜಕೀಯ.

ತಾತ ಧರ್ಮಪುರಿಯಿಂದ ಬಂದದ್ದು
ಕುಲುಮೆಯ ಬಾಯಿಗೆ ಅದಿರು ಸುರಿಯಲು.
ನಾನು ಕನ್ನಡದಲ್ಲೇ ಬರೆಯುತ್ತೇನೆ, ಬೈಯುತ್ತೇನೆ,
ಎಣಿಸುವಾಗ ಮಾತ್ರ ನಾಲಗೆ ತಾನಾಗಿ
ಒಣ್ಣು, ರೆಂಡು, ಮೂಣು ಅನ್ನುತ್ತದೆ.

ವಾರ್ಡು ವಿಂಗಡಣೆಯಾದ ವರ್ಷ
ನಿಮ್ಮ ಓಟು ಒಂಬೈನೂರ ಹನ್ನೆರಡು ಅಂತ
ಯಾರೋ ಎಣಿಸಿ ಹೇಳಿದರು.
ಅಲ್ಲಿಯವರೆಗೆ ನಾವು ಬರೀ ಜನ.

ಕ್ರೇನ್ ಏಳುಮಲೈ ನಿವೃತ್ತಿಯ ದುಡ್ಡಲ್ಲಿ ಬಿಳಿ ಅಂಗಿ ಹೊಲಿಸಿದ.
ಕಂತ್ರಾಟು ವೇದಗಿರಿಯ ಹತ್ತಿರ ಬಿಳಿ ಅಂಗಿ ಮೊದಲೇ ಇತ್ತು.
ಇಬ್ಬರೂ ನನ್ನಲ್ಲಿಗೇ ಬಂದರು,
ಒಬ್ಬ ಬೆಳಗ್ಗೆ, ಒಬ್ಬ ಕರೆಂಟು ಹೋದ ಮೇಲೆ.
"ಸಂಘದ ಮುಂದೆ 'ನಿಜವಾದ' ಅಂತ ಸೇರಿಸು, ಚೊಕ್ಕಲಿಂಗಂ"
ಅಂದರು ಇಬ್ಬರೂ. ತಗಡಿನಲ್ಲಿ ಜಾಗ ಸಾಲದೆ
ಒಬ್ಬನ ನಿಜ ಸಣ್ಣಕ್ಷರದಲ್ಲಿ ಬಂತು.

ಪಾಲುಪಟ್ಟಿ ಬೇವಿನ ಮರದ ಕೆಳಗೆ.
ಕುರ್ಚಿ ಅರವತ್ತಮೂರು: ಅವರಿಗೆ ಮೂವತ್ತೊಂದು, ಇವರಿಗೆ ಮೂವತ್ತೊಂದು,
ಕಾಲು ಮುರಿದದ್ದು ದೈವಾನೈ ಪಾಟಿಗೆ.
ಹಂಡೆ ಆರಾರು.
ಶಾಮಿಯಾನವನ್ನು ಕತ್ತರಿಸಿದರು, ನಿಜವಾಗಿಯೂ ಕತ್ತರಿಯಲ್ಲಿ.
ಹೆಣ ಇಡುವ ಐಸುಪೆಟ್ಟಿಗೆ ಮಾತ್ರ ಒಂದೇ.
"ಯಾಕಪ್ಪಾ, ಇದಕ್ಕೆ ಕತ್ತರಿ ಹತ್ತಲ್ವಾ?"
ಪಾಟಿ ಮುರುಕು ಕುರ್ಚಿಯಿಂದ ಕೇಳಿದಳು.
ಯಾರೂ ಮಾತಾಡಲಿಲ್ಲ. ಪ್ಲಗ್ಗು ಸುತ್ತಿ
ನನ್ನ ಷೆಡ್ಡಿನ ಬಣ್ಣದ ಡಬ್ಬಗಳ ಪಕ್ಕ ಬಿಟ್ಟುಹೋದರು.

ಏಳುಮಲೈಗೆ ನಾನೂರ ಆರು.
ವೇದಗಿರಿಗೆ ಮುನ್ನೂರ ತೊಂಬತ್ತೆಂಟು.
ಉಳಿದ ನೂರೆಂಟು ಮಂದಿ ಹೊಸೂರಲ್ಲಿ, ತಿರುಪ್ಪೂರಲ್ಲಿ,
ಬಸ್ ಚಾರ್ಜು ಇಬ್ಬರೂ ಕಳಿಸಿರಲಿಲ್ಲ.
ಐನೂರ ಹತ್ತು ತಗೊಂಡು ಗೆದ್ದವನು ಹೊಳೆಯಾಚೆಯವನು;
ಜೀಪಿನಿಂದಿಳಿಯದೆ ನಮ್ಮ ಕೇರಿಗೆ ಕೈ ಮುಗಿದ.
ಅವನ ಅಭಿನಂದನೆಯ ಫ್ಲೆಕ್ಸು
ಶಿವಮೊಗ್ಗದಲ್ಲಿ ಪ್ರಿಂಟಾಗಿ ಬಂತು. ನನಗೆ ಆ ಕೆಲಸವೂ ಇಲ್ಲ.

ಆಡಿ ತಿಂಗಳಲ್ಲಿ ಪಾಟಿ ಹೋದಳು.
ಪೆಟ್ಟಿಗೆಗೆ ನಮ್ಮ ಸಂಘದ ಹೆಸರು ಬರಿ ಅಂತ
ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತರು.
"ಮಳೆ, ಬಣ್ಣ ಒಣಗಲ್ಲ" ಅಂದೆ.
ಅರ್ಧ ಸುಳ್ಳು. ಒಳಗೆ ಒಲೆಯ ಕಾವಿತ್ತು.

ಪರೈಯವರು ಬಾಗಿಲಲ್ಲಿ ಕೂತು
"ಯಾವ ಸಂಘದಿಂದ ಕೂಲಿ?" ಅಂದರು.
ಬಿಳಿ ಅಂಗಿಗಳೆರಡೂ ಒಂದನ್ನೊಂದು ನೋಡಿದವು.
ಗಾಜಿನೊಳಗೆ ಪಾಟಿಯ ಬಾಯಿ ಸ್ವಲ್ಪ ತೆರೆದೇ ಇತ್ತು,
ಏನೋ ಕೇಳಲಿಕ್ಕಿದ್ದ ಹಾಗೆ.

ಬೀಡಿ ಕಟ್ಟುವ ಅಂಜಲೈ ಸೆರಗಿನ ಗಂಟು ಬಿಚ್ಚಿದಳು.
ಮಡಿಸಿ ಮಡಿಸಿ ಮೆತ್ತಗಾದ ಐವತ್ತರ ನೋಟು
ಗಾಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು:
"ಬರ್ಕೋ. ಹೆಸರು ಬರ್ಕೋ, ಮನೆ ನಂಬರ್ ಬರ್ಕೋ.
ಇವರನ್ನ ಕೇಳ್ಕೊಂಡು ನಿಂತ್ರೆ ಮುದುಕಿ ನಾರ್ತಾಳೆ."

ಕಾಗದ ಎಲ್ಲಿ? ಷೆಡ್ಡಿನ ಗೋಡೆಗೆ ಒರಗಿದ್ದ
ಅಪ್ಪನ ಬೋರ್ಡನ್ನು ಮಗುಚಿದೆ,
ತುಕ್ಕು ಒರೆಸಿ, ಸಣ್ಣ ಕುಂಚ ಹಿಡಿದೆ.
ಒಣ್ಣು, ರೆಂಡು, ಮೂಣು.
ಹೆಂಗಸರು ಕೊಡೆ ಮಡಚಿ ಸಾಲಾದರು,
ಯಾರು ಯಾವ ಕಡೆಯವರೋ ಮರೆತು ಎಣಿಸಿದೆ.
ಏಳುಮಲೈ ನಲವತ್ತನೆಯವನೋ ಏನೋ,
ತಲೆ ತಗ್ಗಿಸಿ ಕೊಟ್ಟು, ರಸೀತಿ ಕೇಳಿದ. ಹಳೇ ಯೂನಿಯನ್ನಿನ ಚಾಳಿ.

ಎಂಬತ್ತೇಳಕ್ಕೆ ತಗಡು ತುಂಬಿತು.
ಬಾಗಿಲಾಚೆ ಇನ್ನೂ ಜನ.
ಪರೈಗೆ ಬೆಂಕಿಯ ಬಿಸಿ ಹತ್ತಿತ್ತು.
ವೇದಗಿರಿ ಜಗಲಿಯ ಮೇಲೆ, ಐನೂರರ ನೋಟು ಹಿಡಿದು,
ಚಿಲ್ಲರೆ ಇದೆಯಾ ಅಂತ
ಒಬ್ಬೊಬ್ಬರನ್ನೇ ಕೇಳುತ್ತಿದ್ದ.