ನಾಲ್ಕನೇ ತೂತು

ಕ್ಲಿಂಗೆಂಥಾಲಿನಲ್ಲಿ ಈಗ ನಾಲ್ಕಕ್ಕೇ ಕತ್ತಲು.
ಅಡುಗೆಮನೆಯ ಮೇಜು ಒರೆಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು
ಕುರ್ಚಿ ಎಳೆದು ಕೂತಿದ್ದೇನೆ.
ಫ್ರಿಜ್ಜು ಗುಂಯ್ಗುಡುವುದು ಒಂದೆಳೆ ಕಡಿಮೆ ಶ್ರುತಿಯಲ್ಲಿ,
ಅದನ್ನು ತಿದ್ದುವ ಅರ ನನ್ನಲ್ಲಿಲ್ಲ.
ಎದುರಿಗೆ ಟೇಪ್ ರೆಕಾರ್ಡರು, ಹಳೇ ಸಾಮಾನಿನ ಸಂತೆಯಲ್ಲಿ
ಎರಡು ಯೂರೋಗೆ, ಒಳಗಿದ್ದ ಕ್ಯಾಸೆಟ್ಟಿನ ಸಮೇತ:
ಯಾರೋ ಕಲಿತು ಮರೆತ ರಷ್ಯನ್ ಪಾಠ.
ಅದರ ಮೇಲೇ ನುಡಿಸಬೇಕು.
ಕೆಂಪು ಗುಂಡಿ ಒತ್ತಿದೆ, ಮೌತ್ ಆರ್ಗನ್ ತುಟಿಗಿಟ್ಟೆ.
ಏನು ನುಡಿಸುವುದು?

ಇಪ್ಪತ್ತೊಂಬತ್ತು ವರ್ಷ ಶ್ರುತಿಕೋಣೆಯಲ್ಲಿದ್ದವಳು ನಾನು,
ಕೆಳಗೆ, ಹೊಳೆಬದಿಯ ಕಾರ್ಖಾನೆಯಲ್ಲಿ.
ತಟ್ಟೆಗಟ್ಟಲೆ ಬರುತ್ತಿದ್ದವು ಹಿತ್ತಾಳೆಯ ನಾಲಿಗೆಗಳು.
ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ,
ಕೂದಲೆಳೆಯಷ್ಟು ಹೆಚ್ಚಾದರೂ ನಾಲಿಗೆ ಹೋಯಿತು,
ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು.
ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳೀತು,
ಹಿತ್ತಾಳೆಯದ್ದು ಹಾಗಲ್ಲ, ಅಂದುಕೊಂಡಿದ್ದೆ.
ಪಕ್ಕದ ಬೆಂಚಿನ ಹನ್ನೆಲೋರೆ ಊಟದ ಹೊತ್ತಿಗೆ
ನೀಲಿ ಡಬ್ಬಿಯಿಂದ, ನಪಾಸಾದವುಗಳ ಡಬ್ಬಿಯಿಂದ,
ಒಂದನ್ನೆತ್ತಿ ಪೋಲ್ಕಾ ಊದುತ್ತಿದ್ದಳು.
ಎಲ್ಲರೂ ಕಾಲು ಕುಟ್ಟುತ್ತಿದ್ದರು.
ನನಗೆ ಕೇಳುತ್ತಿದ್ದುದು
ಏಳನೇ ತೂತಿನಲ್ಲಿ ಗಾಳಿ ಸೋರುವುದು ಮಾತ್ರ.

ಹೇಳಿಕೊಟ್ಟವನು ಪೆಟ್ರೋಲ್ ಬಂಕಿನ ಟಿಲ್‌ಮಾನ್,
ಒಂದೇ ಕಿವಿಗೆ ಮೂರು ಓಲೆಯ ಹುಡುಗ:
"ನಾಲ್ಕನೇ ತೂತು ಒಳಗೆಳೆಯಿರಿ, ಫ್ರಾವ್ ಮೈನೆಲ್.
ಈ ಅನ್ನುತ್ತಿರುವ ಬಾಯಿ ಮೆಲ್ಲಗೆ ಊ ಅನ್ನಲಿ,
ಸ್ವರ ಬಗ್ಗುತ್ತೆ."
ಬಗ್ಗುತ್ತೆ!
ಬಗ್ಗಿದ ಸ್ವರವನ್ನೇ ಅಲ್ಲವೇ ನಾನು
ಹೆಕ್ಕಿ ಹೆಕ್ಕಿ ನೀಲಿ ಡಬ್ಬಿಗೆ ಎಸೆದದ್ದು?
"ಯೋಚಿಸಬೇಡಿ, ನಿಮ್ಮದೇ ಒಂದು ಟ್ಯೂನ್ ಬರುತ್ತೆ" ಅಂದ.
ಇಪ್ಪತ್ತರ ಪ್ರಾಯ. ಯೋಚಿಸದಿರುವುದು ಅವನಿಗೆ ಸುಲಭ.

ಮೊದಲು ಸ್ವರಗಳ ಏಣಿ ಹತ್ತಿ ಇಳಿದೆ, ತಪಾಸಣೆಯವಳ ಹಾಗೆ.
ನಿಲ್ಲಿಸಿದೆ. ಮತ್ತೆ ಒತ್ತಿದೆ.
ಕ್ರಿಸ್‌ಮಸ್ಸಿನ ಹಾಡೊಂದು ಕರೆಯದೇ ನುಗ್ಗಿ ಬಂತು,
ಅದು ಎಲ್ಲರದ್ದು. ನಿಲ್ಲಿಸಿದೆ.
ಹಿಮ ಬಳಿಯುವ ಗಾಡಿ ಹಿಂದೆ ಸರಿಯುತ್ತ ಬೀಪ್ ಬೀಪ್ ಅಂದಿತು,
ಅದರ ಶ್ರುತಿ ಕರಾರುವಾಕ್ಕು.
ನನಗೆ ಹೊಟ್ಟೆಕಿಚ್ಚು.
ನಾಲಿಗೆ ಹಿಂದಕ್ಕೆಳೆದು ಊ ಅಂದೆ.
ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಹಾಗೆ ಅರಚಿತು,
ತಕ್ಷಣ ಕೈ ತಾನಾಗಿ ಏಪ್ರನ್ ಜೇಬಿಗಿಳಿದು
ಅರ ಹುಡುಕಿತು.
ಜೇಬಿನಲ್ಲಿದ್ದುದು ಬಟ್ಟೆ ಒಣಹಾಕುವ ಕ್ಲಿಪ್ಪು.

ಚಹಾ ತಣ್ಣಗಾಯಿತು. ಫ್ರಿಜ್ಜಿನಡಿ ನೀರು ಕೂಡಿತು.
ಎಷ್ಟನೆಯ ಸಲವೋ, ಆಕಳಿಕೆ ನುಂಗುತ್ತ ಎಳೆದ ಉಸಿರಿಗೆ
ಸ್ವರ ಮಂಡಿಯೂರಿತು.
ಅರ್ಧ ಮೆಟ್ಟಿಲು ಕೆಳಗೆ ಒಂದು ಜಾಗವಿತ್ತು,
ನಾನೆಂದೂ ಇಳಿಯದ ನೆಲಮಾಳಿಗೆ:
ತೇವ, ಮೊಳಕೆಯೊಡೆದ ಆಲೂಗಡ್ಡೆಯ ವಾಸನೆ,
ಕಾರ್ಖಾನೆಗೆ ಬೀಗ ಬಿದ್ದ ದಿನ ಗೇಟಿನಲ್ಲಿ ಹನ್ನೆಲೋರೆ
ನನ್ನ ತೋಳು ಹಿಡಿದು ಏನೋ ಅಂದದ್ದು,
ಬಸ್ಸು ತಪ್ಪೀತೆಂದು ನಾನು ಹೂಂಗುಟ್ಟಿ ಓಡಿದ್ದು.
ಅಲ್ಲಿಂದ ಮೂರು ಸ್ವರ ಮೇಲೆ ಬಂದವು,
ಗೋಡೆ ಹಿಡಿದು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ.
ನಾಲ್ಕನೆಯದು ಬರುವಷ್ಟರಲ್ಲಿ ಕೆಮ್ಮು.
ಗುಂಡಿ ಒತ್ತಿ ನಿಲ್ಲಿಸಿದೆ.

ಸ್ವಲ್ಪ ಹಿಂದೆ ಸುತ್ತಿ ಕೇಳಿದೆ.
ಕುರ್ಚಿಯ ಕಿರುಗು. ಅಂಗೈಗೆ ಬಡಿದು ಉಗುಳು ಕೊಡವಿದ ಸದ್ದು.
ನನ್ನ ಉಸಿರು, ಇಷ್ಟು ದೊಡ್ಡದೇ ಅದು?
ಆಮೇಲೆ ಆ ಸ್ವರ.
ಎಷ್ಟು ತಪ್ಪಿದೆಯೆಂದು ನಿದ್ದೆಯಲ್ಲೂ ಹೇಳಬಲ್ಲೆ.
ಹೇಳಲಿಲ್ಲ.
ಮೂರು ಸ್ವರ. ಕೆಮ್ಮು. ಟಕ್.

ಟೇಪು ಓಡುತ್ತಲೇ ಇತ್ತು.
ಅಳಿಯದೆ ಉಳಿದ ಪಾಠದ ನಟ್ಟನಡುವಿನಿಂದ
ಟೀಚರಮ್ಮ ಎದ್ದು ಬಂದಳು, ನಿಧಾನದ ರಷ್ಯನ್ನಿನಲ್ಲಿ:
"ಇದು ಕಿಟಕಿ. ಮತ್ತೊಮ್ಮೆ ಹೇಳಿ."
ಆಮೇಲೆ
ಹೇಳುವವರಿಗೆಂದು ಬಿಟ್ಟ ಜಾಗ,
ಸುಮ್ಮನೆ ಸುತ್ತುವ ಟೇಪು.