ಓಬದ್ಯನ ತೂಕಡಿಕೆ

ಆರ್ಫಾ ಅತ್ತೆ ಹೇಳುತ್ತಿದ್ದಳು: ನಮ್ಮ ಮೂಲಪುರುಷ
ಹಡಗಿಳಿದಾಗ ಗವರ್ನರನೇ ದಡಕ್ಕೆ ಬಂದಿದ್ದನಂತೆ,
ಇವನು ಟೋಪಿ ತೆಗೆಯಲಿಲ್ಲವಂತೆ.
ದೊರೆಗೂ ‘ನೀನು’, ದನ ಕಾಯುವವನಿಗೂ ‘ನೀನು’.
ಬಹುವಚನವನ್ನು ಕಡಲಿಗೆಸೆದು ಬಂದ ಜನ ನಾವು, ಎನ್ನುತ್ತ
ಪೈ ಕೊಯ್ಯುವ ಚಾಕುವನ್ನು ಖಡ್ಗದಂತೆ ಎತ್ತುವಳು,
ಯುದ್ಧವೇ ಬೇಡವೆಂದವರ ಮೊಮ್ಮಗಳು.

ಅವಳು ಹೋದ ಮೇಲೆ ಟಿಪ್ಪಣಿಗಳ ಶೂ ಡಬ್ಬಿ ನನ್ನ ಪಾಲಿಗೆ ಬಂತು.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ
ಮಂಗಳವಾರಗಳಂದು, ಬೆರಳಲ್ಲಿನ್ನೂ ಬ್ಲೀಚಿನ ವಾಸನೆ,
ಹಿಕರಿ ಹಳ್ಳದ ಕ್ವೇಕರ್ ಸಭೆಯ ಕಡತಗಳ ಮುಂದೆ ಕೂರುತ್ತೇನೆ.

ಗೋರಿ ಹುಡುಕಬೇಡ, ಎಂದಳು ಕಡತ ಕಾಯುವ ವಿನಿಫ್ರೆಡ್.
ಆಗ ಕಲ್ಲು ನೆಡುತ್ತಿರಲಿಲ್ಲ,
ಸತ್ತವರಲ್ಲೂ ಹೆಚ್ಚು ಕಡಿಮೆ ಯಾಕೆಂದು.
ಅಗೋ ಆ ಹುಲ್ಲಿನಡಿ ಎಲ್ಲೋ ಇದ್ದಾನೆ.
ಹುಲ್ಲು ಕತ್ತರಿಸುವ ಯಂತ್ರ ವಾರಕ್ಕೊಮ್ಮೆ
ಅವನ ಎದೆಯ ಮೇಲೆ ಹಾದುಹೋಗುತ್ತದೆ, ಅಥವಾ ಕಾಲ ಮೇಲೆ.

ತಿಂಗಳಿಗೆ ಹೆಸರಿಲ್ಲ, ಅಂಕಿ ಮಾತ್ರ.
ಒಂದನೇ ತಿಂಗಳೆಂದರೆ ಜನವರಿಯಲ್ಲ, ಮಾರ್ಚಿ.
ಇದು ತಿಳಿಯದೆ, ಮದುವೆಗೆ ಮೊದಲೇ ಮಗು ಎಂದು ಲೆಕ್ಕ ಹಾಕಿ
ಒಂದಿಡೀ ಚಳಿಗಾಲ
ಮಣ್ಣಾದವನ ಮೇಲೆ ಮುನಿದಿದ್ದೆ.

ಕೊನೆಗೂ ಸಿಕ್ಕಿದ. ಗವರ್ನರನ ಬಳಿಯಲ್ಲಲ್ಲ.

‘ಆರನೇ ತಿಂಗಳು, ೧೭೧೪. ಓಬದ್ಯ ಬ್ರಿಂಕ್‌ವರ್ತ್,
ಸುಣ್ಣದ ಭಟ್ಟಿಯ ಕರಾರಿನಾಳು,
ಮೌನಸಭೆಯಲ್ಲಿ ನಿದ್ದೆ ಹೋಗುತ್ತಾನೆ. ಸದ್ದೂ ಮಾಡುತ್ತಾನೆ.
ಗೆಳೆಯರಿಬ್ಬರು ಹೋಗಿ ಮಾತಾಡಿಸತಕ್ಕದ್ದು.’

ಜೋರಾಗಿ ನಕ್ಕೆ. ವಿನಿಫ್ರೆಡ್ ಕನ್ನಡಕದ ಮೇಲಿಂದ ನೋಡಿದಳು.

ಮುಂದಿನ ಪುಟ, ಇಲಿ ತಿಂದ ಅಂಚು:
‘ಮಾತಾಡಿಸಲಾಯಿತು. ಅವನೆಂದದ್ದು:
ಆರು ದಿನ ಭಟ್ಟಿ ನನ್ನ ಹೆಸರು ಕೂಗುತ್ತದೆ.
ಈ ದೇಶದಲ್ಲಿ ಯಾರೂ ನನ್ನನ್ನು ಕರೆಯದ ಜಾಗ
ನಿಮ್ಮ ಬೆಂಚೊಂದೇ.’
ಇಲ್ಲಿ ಗುಮಾಸ್ತನ ಲೇಖನಿ ನಿಂತಿರಬೇಕು,
ಚುಕ್ಕೆ ಊದಿಕೊಂಡಿದೆ.
‘ಬಾಗಿಲ ಹತ್ತಿರ, ಗಾಳಿ ಬೀಸುವಲ್ಲಿ ಕೂರಲು ಒಪ್ಪಿದ್ದಾನೆ.’

ಅಷ್ಟೆ. ಆಮೇಲೆ ಎಚ್ಚರವಿದ್ದನೋ ಇಲ್ಲವೋ
ಯಾರೂ ಬರೆದಿಲ್ಲ.

ಮೊನ್ನೆ ಭಾನುವಾರ, ಅವರ ಲೆಕ್ಕದಲ್ಲಿ ಒಂದನೇ ದಿನ,
ಪಾಳಿಯಿಂದ ನೇರ ಆ ಸಭೆಗೇ ಹೋದೆ.
ಹನ್ನೊಂದು ಜನ, ಒಂದು ಕೆಮ್ಮು, ಹೀಟರಿನ ಟಿಕ್ ಟಿಕ್.
ಬಾಗಿಲ ಪಕ್ಕದ ಬೆಂಚು ಖಾಲಿ.
ಗಾಳಿ ಈಗಲೂ ಬರುತ್ತದೆ, ಕಣಕಾಲಿಗೆ ತಾಗಿಯೇ ಬರುತ್ತದೆ.
ಒಳಗಿನ ಬೆಳಕಿಗೆ ಕಾಯಬೇಕಂತೆ. ಕಾದೆ.
ರಾತ್ರಿಯಿಡೀ ಹೊದಿಕೆ ಮಡಿಸಿದ ಕೈಗಳು
ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿದ್ದವು.

ಕಣ್ಣು ಬಿಟ್ಟಾಗ
ಪಕ್ಕದ ಮುದುಕ ಕೈ ಕುಲುಕಲು ಕೈ ಚಾಚಿ ಕೂತಿದ್ದ,
ಸಭೆ ಮುಗಿದಿತ್ತು.
ಗೊರಕೆ ಹೊಡೆದೆನಾ, ಎಂದೆ.
ಸ್ವಲ್ಪ, ಎಂದ.
ನೀನು ಯಾರ ಕಡೆಯವಳು?