ಅಪ್ಪನ ಎಡಗೈ

ಅಪ್ಪನ ಎಡ ಮುಂಗೈಯಲ್ಲಿ ಕೂದಲೇ ಇರಲಿಲ್ಲ,
ಹುಣಸೆಹಣ್ಣಲ್ಲಿ ತಿಕ್ಕಿದ ಚೆಂಬಿನ ಹಾಗೆ ನುಣ್ಣಗೆ.
ಹುಟ್ಟಾ ಹಾಗೇ ಇರಬೇಕೆಂದುಕೊಂಡಿದ್ದೆ,
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಗೆ
ದಿನಾ ಬುತ್ತಿ ಒಯ್ಯುತ್ತಿದ್ದ ನಾನು.

ಅಂಗಡಿಯಲ್ಲೊಂದು ಕಲ್ಲು. ಗೇಣುದ್ದ, ಬೂದುಬಣ್ಣ,
ಮುಚ್ಚಳ ಕಳೆದ ಮರದ ಪೆಟ್ಟಿಗೆಯಲ್ಲಿ.
ಚಿನ್ನದ ಗಣಿಯ ಯಾರೋ ಫೋರ್‌ಮನ್ನು
ಏಳು ತಿಂಗಳ ಕ್ಷೌರದ ಬಾಕಿಗೆಂದು
ಊರು ಬಿಡುವಾಗ ತಾತ ಕದಿರಪ್ಪನ ಕೈಲಿಟ್ಟದ್ದು.
"ಬಂಗಾರದ ಗಣಿಗೆ ಹೋಗಿ ಕಲ್ಲು ತಂದ ಗಂಡಸು"
ಅಂತ ಅಜ್ಜಿ ಸಾಯೋತನಕ ಆಡಿಕೊಂಡಳು.

ತಾತ ಕಡಲೆಕಾಯಿ ಎಣ್ಣೆ ಸುರಿದು ಸುರಿದು
ಜಿಡ್ಡು ಕಟ್ಟಿ ಕಲ್ಲಿನ ಕಣ್ಣೇ ಮುಚ್ಚಿತ್ತು.
ಅಪ್ಪ ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ
ಹಳೇ ಬ್ರಷ್ಷಿನಿಂದ ತಿಕ್ಕಿ ತೆರೆಸಿದ.
ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ, ಎರಡೇ ತೊಟ್ಟು.

ಅಣ್ಣನಿಗೆ ಹೇಳಿಕೊಡುವನು:
ಒತ್ತಬೇಡ, ಕತ್ತಿಯ ತೂಕವೇ ಸಾಕು.
ತಿರುಗಿಸುವಾಗ ಬೆನ್ನ ಮೇಲೆ ತಿರುಗಿಸು,
ಬಾಯ ಮೇಲಲ್ಲ.
ಅಣ್ಣ ಬೀದಿ ನೋಡುತ್ತಿದ್ದ.
ನಾನು ಬುತ್ತಿ ಬಿಚ್ಚುವುದನ್ನು ನಿಧಾನ ಮಾಡುತ್ತಿದ್ದೆ.

ಕೊನೆಗೆ ಎಡಗೈ ಚಾಚಿ ಅಲಗು ಆಡಿಸುವನು.
ಕೂದಲು ತಾನೇ ಉದುರಿದರೆ ಸರಿ,
ಎಳೆದರೆ ಮತ್ತೆ ಕಲ್ಲಿಗೆ.

ಆಮೇಲೆ ಅರ್ಧ ಬ್ಲೇಡು ಬಂತು. ತಲೆಗೊಂದು, ಎಸೆ.
ಚಿಂತಾಮಣಿಯಲ್ಲಿ ಅಣ್ಣನ ಅಂಗಡಿ, ಗೋಡೆ ತುಂಬಾ ಕನ್ನಡಿ.
ಅಪ್ಪನ ಬಲಗೈ ನಡುಗತೊಡಗಿದ ವರ್ಷ
ಕಲ್ಲೂ ಅವನೂ ಒಂದೇ ಆಟೋದಲ್ಲಿ ನನ್ನ ಮನೆಗೆ ಬಂದರು.

ನಮ್ಮದು ಹುಳುವಿನ ಮನೆ.
ಚಾಕಿ ಹುಳಕ್ಕೆ ಹಿಪ್ಪುನೇರಳೆ ಎಲೆ ಎಳೆ ಎಳೆಯಾಗಿ ಹೆಚ್ಚಬೇಕು.
ಮೊಂಡು ಕತ್ತಿ ಹೆಚ್ಚುವುದಿಲ್ಲ, ಜಜ್ಜುತ್ತದೆ.
ಅಂಚು ಕಪ್ಪಾದ ಸೊಪ್ಪಿಗೆ
ಸಾಸಿವೆಗಿಂತ ಸಣ್ಣ ಬಾಯಿಗಳೂ ಮುಖ ತಿರುಗಿಸುತ್ತವೆ.

ಕಲ್ಲು ತೆಗೆದೆ. ನಡುವೆ ಗುಂಡಿ,
ತಾತನ ಮೂವತ್ತು ವರ್ಷ, ಅಪ್ಪನ ನಲವತ್ತು.
ಹೆಬ್ಬೆರಳು ಇಟ್ಟರೆ ಕೂತೇಬಿಡುತ್ತದೆ.
ಇಟ್ಟುಕೊಂಡೇ ಇದ್ದೆ.
"ಗುಂಡಿ ಬಿದ್ದ ಕಲ್ಲು ಕತ್ತಿಗೂ ಹೊಟ್ಟೆ ಬರಿಸ್ತೈತೆ. ಉಜ್ಜಿ ಮಟ್ಟ ಮಾಡು"
ಅಂದ ಅಪ್ಪ, ಬೀಡಿಗೆ ತಡಕಾಡುತ್ತಾ.

ಬಟ್ಟೆ ಒಗೆಯುವ ಚಪ್ಪಡಿ ಮೇಲೆ ಮರಳು, ನೀರು, ಮೂರು ಸಂಜೆ.
ಬೂದಿನೀರು ಬಚ್ಚಲಿಗೆ ಹರಿಯಿತು.
ತಾತನನ್ನೇ ಚೆಲ್ಲುತ್ತಿದ್ದೇನೆ ಅನ್ನಿಸಿತು ಮೊದಲ ದಿನ.
ಮೂರನೇ ದಿನ ಕೈಯಾಡಿಸಿದರೆ
ಸವೆದದ್ದು ಅವರ ಕೈ ತಲುಪದ ಎರಡು ತುದಿ.
ಈಗ ಕಲ್ಲಿಡೀ ಅವರು ಇಳಿದಿದ್ದ ಆಳದಲ್ಲೇ ಇದೆ.

"ಯಾರ ಮೇಲಮ್ಮಾ ಕತ್ತಿ ಮಸೀತಿದ್ದೀಯ?"
ಗೋಡೆಯಾಚೆಯಿಂದ ಶಂಷಾದ್‌ಬಿ ನಕ್ಕಳು.
ಎರಡು ತೊಟ್ಟು. ಬೆನ್ನ ಮೇಲೆ ತಿರುವು.
ಸೊಪ್ಪಿನ ಕತ್ತಿಗೆ ಬೆನ್ನು ದಪ್ಪ, ಎತ್ತಿ ಹಿಡಿಯಬೇಕು,
ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.
ಸರ್ರನೆಯ ಸದ್ದು ಸಣ್ಣಗಾಗಿ ಸಣ್ಣಗಾಗಿ
ಇಲ್ಲವೇ ಇಲ್ಲ ಅನ್ನುವಲ್ಲಿ ನಿಲ್ಲಿಸಿದೆ.

ಜಗಲಿಯಿಂದ, ನನ್ನ ಕಡೆ ನೋಡದೆಯೇ,
ಅಪ್ಪ ಎಡಗೈ ಚಾಚಿದ.
ಆ ಕೈ ನಡುಗುವುದಿಲ್ಲ.
ಎಷ್ಟು ಕೂದಲು! ಎಲ್ಲಾ ಬಿಳಿ, ಮೆತ್ತಗೆ,
ಎಳೆ ಕೂಸಿನ ನೆತ್ತಿಯ ಹಾಗೆ.

ಅಲಗು ಇಟ್ಟೆ. ನಾಲ್ಕೈದು ಉದುರಿದವು.
"ಮೂತಿ ಹತ್ರ ಎಳೀತೈತೆ," ಅಂದ. "ಇನ್ನೆರಡು ಸಲ ಕಲ್ಲಿಗೆ ಹಾಕು."

ಹಾಕಿದೆ.
ಅಷ್ಟು ಹೊತ್ತೂ
ಚಾಚಿದ ಕೈ ಚಾಚಿಯೇ ಇತ್ತು.